ಮಾದರಿ ಸಿದ್ಧವಾಯಿತು, ಇಡುವುದೆಲ್ಲಿ?



ವಿಮಾನ, ಹಡಗು, ರೈಲು ಎಂಜಿನ್ ಮುಂತಾದವುಗಳ ಪುಟ್ಟ ಪ್ರತಿರೂಪಗಳನ್ನು ಅಳತೆಗೆ ತಕ್ಕಂತೆ ನಿರ್ಮಿಸುವ ಹವ್ಯಾಸ ನಿಮ್ಮಲ್ಲಿ ಕೆಲವರಿಗಾದರೂ ಇರಬಹುದು. ಬಿಡಿಭಾಗಗಳನ್ನು ಹೇಗೆ ಅಂಟಿಸಬೇಕು, ಬಣ್ಣ ಹೇಗೆ ಬಳಿಯಬೇಕು ಎಂಬುದನ್ನು ಹೇಳಿಕೊಡುವವರು ಸಿಗುತ್ತಾರೆ. ಸಿದ್ಧವಾದ ಮಾದರಿಯನ್ನು ಎಲ್ಲಿಡಬೇಕು ಎಂದು ಹೇಳುವವರು ಕಡಿಮೆ. ಎರಡು ಕೋಣೆಯ ಮನೆಯಲ್ಲಿ ಹತ್ತನೆಯ ಮಾದರಿ ಮೇಜನ್ನೇರುವ ಹೊತ್ತಿಗೆ ಮೊದಲನೆಯದು ಮಂಚದ ಕೆಳಗೆ ಸೇರಿರುತ್ತದೆ. ಒಂದು ದಿನ ಪೊರಕೆಗೆ ಸಿಕ್ಕಿ ಅದರ ರೆಕ್ಕೆ ಮುರಿಯುತ್ತದೆ. ಆಸಕ್ತಿ ಬತ್ತಿ ಈ ಹವ್ಯಾಸವನ್ನು ಬಿಟ್ಟವರಿಗಿಂತ, ಹೀಗೆ ಮನನೊಂದು ಬಿಟ್ಟವರೇನೂ ಕಡಿಮೆಯಿಲ್ಲ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿಚಾರಮಾಡೋಣ.

ಮೊದಲು ಲೆಕ್ಕದಿಂದ ಆರಂಭಿಸೋಣ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ತಯಾರಾಗಿ 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿದ 'ಮಾರುತ್' ಯುದ್ಧವಿಮಾನವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಅದರ ಉದ್ದ ಸುಮಾರು 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 9 ಮೀಟರ್. ಇದನ್ನು 72ರಲ್ಲಿ ಒಂದು ಅಳತೆಗೆ ಇಳಿಸಿದರೆ 22 ಸೆಂಟಿಮೀಟರ್ ಉದ್ದ, 12.5 ಸೆಂಟಿಮೀಟರ್ ಅಗಲದ ಮಾದರಿಯಾಗುತ್ತದೆ. 48ರಲ್ಲಿ ಒಂದು ಎಂದರೆ 33 ಸೆಂಟಿಮೀಟರ್ ಉದ್ದ, ಸುಮಾರು 19 ಸೆಂಟಿಮೀಟರ್ ಅಗಲ. ಉದ್ದ ಒಂದೂವರೆ ಪಟ್ಟು ಮಾತ್ರ ಹೆಚ್ಚಿತು. ಆದರೆ ಅದು ಆಕ್ರಮಿಸುವ ನೆಲ ಎರಡೂಕಾಲು ಪಟ್ಟಾಯಿತು! ವರ್ಗದ ನಿಯಮ ಗಣಿತದ ಪುಸ್ತಕದಲ್ಲಷ್ಟೇ ಅಲ್ಲ, ನಿಮ್ಮ ಕಪಾಟಿನಲ್ಲಿಯೂ ಕೆಲಸ ಮಾಡುತ್ತದೆ. ಹೀಗಾಗಿ ಯಾವ ಅಳತೆಯಲ್ಲಿ ಮಾಡಬೇಕೆಂಬ ತೀರ್ಮಾನವೇ ಜಾಗದ ತೀರ್ಮಾನವೂ ಹೌದು. 2022ರಲ್ಲಿ ನೌಕಾಪಡೆಗೆ ಸೇರಿದ ಹೊಸ 'ವಿಕ್ರಾಂತ್' ಹಡಗಿನ ಉದ್ದ 262 ಮೀಟರ್. 350ರಲ್ಲಿ ಒಂದು ಅಳತೆಯಲ್ಲಿ ಅದು 75 ಸೆಂಟಿಮೀಟರ್ ಆಗಿ ಇಡೀ ಹಲಗೆಯನ್ನೇ ಬೇಡುತ್ತದೆ. 700ರಲ್ಲಿ ಒಂದು ಎಂದರೆ 37 ಸೆಂಟಿಮೀಟರಿಗೆ ತೃಪ್ತಿಪಡುತ್ತದೆ.

ಇನ್ನು ಇಡುವ ಕ್ರಮ. 90 ಸೆಂಟಿಮೀಟರ್ ಉದ್ದ, 25 ಸೆಂಟಿಮೀಟರ್ ಆಳದ ಒಂದು ಹಲಗೆ ನಿಮಗೆ ಸಿಕ್ಕಿದೆ ಎನ್ನಿ. ಮಾರುತ್‌ನ ಸಣ್ಣ ಮಾದರಿಗಳನ್ನು ನಡುವೆ ಎರಡು ಸೆಂಟಿಮೀಟರ್ ಬಿಟ್ಟು ಗೋಡೆಗೆ ಸಮಾನಾಂತರವಾಗಿ ಒಂದೇ ಸಾಲಿನಲ್ಲಿ ಇಟ್ಟರೆ ಮೂರು ಹಿಡಿಸುತ್ತವೆ. ಮೂತಿಯನ್ನು ನಿಮ್ಮ ಕಡೆಗೆ ತಿರುಗಿಸಿ, ನಡುವೆ ಎರಡು ಸೆಂಟಿಮೀಟರ್ ಬಿಟ್ಟರೆ ಆರು ಹಿಡಿಸುತ್ತವೆ. ಒಂದು ಪೈಸೆ ಖರ್ಚಿಲ್ಲದೆ ಜಾಗ ಇಮ್ಮಡಿಯಾಯಿತು.

ನಮ್ಮ ಹಿರಿಯರಿಗೆ ಈ ಸಮಸ್ಯೆ ಹೊಸದೇನೂ ಅಲ್ಲ. ನವರಾತ್ರಿಯ ಬೊಂಬೆಹಬ್ಬವನ್ನು ನೆನಪಿಸಿಕೊಳ್ಳಿ. ಹಿಂದಿನ ಸಾಲು ಮುಂದಿನ ಸಾಲಿನ ಮರೆಗೆ ಹೋಗದಿರಲೆಂದು ಮೆಟ್ಟಿಲು ಕಟ್ಟಿದರು. ನಿಮ್ಮ ಹಲಗೆ ಆಳವಾಗಿದ್ದರೆ, ಹಿಂಬದಿಯಲ್ಲಿ ಆರೇಳು ಸೆಂಟಿಮೀಟರ್ ಎತ್ತರದ ಮರದ ತುಂಡು ಅಥವಾ ಗಟ್ಟಿ ರಟ್ಟಿನ ಪೆಟ್ಟಿಗೆ ಇಟ್ಟರೆ ಅದೇ ಉಪಾಯ ಇಲ್ಲಿಯೂ ಫಲಿಸುತ್ತದೆ. ಅದಕ್ಕಿಂತ ದೊಡ್ಡ ಜಾಣತನ ಇನ್ನೊಂದಿದೆ. ಬೊಂಬೆಗಳು ವರ್ಷವಿಡೀ ಹೊರಗಿರುವುದಿಲ್ಲ. ಕೆಲವು ದಿನ ಎಲ್ಲರ ಕಣ್ಣಿಗೆ ಹಬ್ಬವಾಗಿ, ಉಳಿದ ದಿನ ಬಟ್ಟೆ ಸುತ್ತಿಕೊಂಡು ಪೆಟ್ಟಿಗೆಯಲ್ಲಿ ವಿಶ್ರಮಿಸುತ್ತವೆ. ದೊಡ್ಡ ವಸ್ತುಸಂಗ್ರಹಾಲಯಗಳು ಮಾಡುವುದೂ ಇದನ್ನೇ. ಅವುಗಳ ಸಂಗ್ರಹದ ಒಂದು ಭಾಗ ಮಾತ್ರ ಪ್ರದರ್ಶನದಲ್ಲಿದ್ದು, ಉಳಿದದ್ದು ಉಗ್ರಾಣದಲ್ಲಿರುತ್ತದೆ. ನಿಮ್ಮಲ್ಲಿ ಇಪ್ಪತ್ತು ಮಾದರಿಗಳಿದ್ದರೆ ಆರನ್ನು ಮಾತ್ರ ಹೊರಗಿಡಿ. ಮೂರು ತಿಂಗಳಿಗೊಮ್ಮೆ ಬದಲಾಯಿಸಿ. ಬಂದವರು ಪ್ರತಿ ಸಲವೂ ಹೊಸದನ್ನು ನೋಡುತ್ತಾರೆ.

ಆದರೆ ಒಂದು ಎಚ್ಚರಿಕೆ ಬೇಕು. ಹಿರಿಯರ ಪೆಟ್ಟಿಗೆಯಲ್ಲಿ ನುಸಿಗುಳಿಗೆ ಇರುವುದುಂಟು. ಬಟ್ಟೆಗೂ ಮರದ ಬೊಂಬೆಗೂ ಅದು ಸರಿ; ಪ್ಲಾಸ್ಟಿಕ್ ಮಾದರಿಯ ಪೆಟ್ಟಿಗೆಗೆ ಖಂಡಿತ ಹಾಕಬಾರದು. ಈ ಮಾದರಿಗಳಲ್ಲಿ ಹೆಚ್ಚಿನವು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್‌ನಿಂದ ಆದವು. ಅದರ ಅಣುರಚನೆಯಲ್ಲಿಯೂ ನುಸಿಗುಳಿಗೆಯ ನ್ಯಾಫ್ತಲೀನ್‌ನಲ್ಲಿಯೂ ಬೆಂಜೀನ್ ಉಂಗುರದ ಬಗೆಯ ರಚನೆ ಇದೆ. ಸಮಾನ ಗುಣದ ವಸ್ತುಗಳು ಒಂದರಲ್ಲೊಂದು ಬೆರೆಯುತ್ತವೆಂದು ರಸಾಯನಶಾಸ್ತ್ರದಲ್ಲಿ ಓದಿದ್ದೀರಿ. ಮುಚ್ಚಿದ ಪೆಟ್ಟಿಗೆಯಲ್ಲಿ ಗುಳಿಗೆಯ ಆವಿ ಪ್ಲಾಸ್ಟಿಕ್ಕಿಗೆ ಹೊಕ್ಕು ಅದನ್ನು ಮೆತ್ತಗಾಗಿಸಬಲ್ಲದು. ಹೇಗೂ ಪ್ಲಾಸ್ಟಿಕ್ಕನ್ನು ನುಸಿ ತಿನ್ನುವುದಿಲ್ಲ! ಮೃದುವಾದ ವಿನೈಲ್ ಚಕ್ರಗಳದ್ದೂ ಇಂಥದೇ ಕಥೆ. ಅವುಗಳನ್ನು ಮೆದುಗೊಳಿಸಲು ಬೆರೆಸಿದ ಎಣ್ಣೆಯಂಥ ದ್ರವ ವರ್ಷಗಳಲ್ಲಿ ಹೊರಸೂಸಿ, ತಾಗಿಕೊಂಡಿರುವ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಜೋಡಿಸುವ ಮೊದಲೇ ನಡುವೆ ಬಣ್ಣದ ಅಥವಾ ಬಿಳಿ ಅಂಟಿನ ಒಂದು ಪದರ ಕೊಟ್ಟರೆ ಒಳ್ಳೆಯದು.

ಪೆಟ್ಟಿಗೆಯೊಳಗೆ ಮಾದರಿಯನ್ನು ಗಟ್ಟಿ ರಟ್ಟಿನ ಮೇಲೆ ನಿಲ್ಲಿಸಿ, ಅಗಲವಾದ ಹತ್ತಿಯ ಪಟ್ಟಿಯಿಂದ ಹಗುರವಾಗಿ ಕಟ್ಟಿ. ಸುತ್ತಲೂ ತೆಳುವಾದ ಬಿಳಿಯ ಟಿಶ್ಯೂ ಕಾಗದವನ್ನು ಉಂಡೆಮಾಡಿ ತುಂಬಿ. ಹಾಸಿಗೆಯ ಸ್ಪಂಜು ಬೇಡ. ಕೆಲವು ವರ್ಷಗಳಲ್ಲಿ ಅದು ಪುಡಿಯಾಗಿ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಗುಳ್ಳೆಗಳಿರುವ ಪ್ಲಾಸ್ಟಿಕ್ ಹಾಳೆ ನೇರವಾಗಿ ತಾಗಿದರೂ ಬಣ್ಣದ ಮೇಲೆ ಗುರುತು ಬೀಳುತ್ತದೆ. ಪೆಟ್ಟಿಗೆಯ ಹೊರಗೆ ಹೆಸರು, ಅಳತೆ, ಮಾಡಿದ ವರ್ಷ ಬರೆದಿಡಿ. ಹೆಸರಿಲ್ಲದ ಪೆಟ್ಟಿಗೆಯೇ ಮನೆ ಬದಲಿಸುವಾಗ ಮೊದಲು ಕಸಕ್ಕೆ ಹೋಗುವುದು.

ಹಳೆಯ ಮನೆಗಳಲ್ಲಿ ಗೋಡೆಯ ಮೇಲ್ಭಾಗದಲ್ಲಿ ನಾಗಂದಿಗೆ ಇರುತ್ತಿತ್ತು. ಇಂದಿನ ಮನೆಯಲ್ಲಿ ಬಾಗಿಲಿನ ಮೇಲಿನ ಬರಿಗೋಡೆ ಆ ಕೆಲಸಕ್ಕೆ ಒದಗೀತು. ಆದರೆ ಹೆಂಚು ಅಥವಾ ತಗಡಿನ ಮಾಡಿಗೆ ತೀರ ಹತ್ತಿರ ಬೇಡ. ಬೇಸಗೆಯ ಕಾವಿಗೆ ತೆಳುವಾದ ಭಾಗಗಳು ಬಾಗಬಹುದು. ಪಶ್ಚಿಮದ ಬಿಸಿಲು ಬೀಳುವ ಕಿಟಕಿಯೂ ಬೇಡ. ಬಣ್ಣ ಮಾಸುತ್ತದೆ. ಅಡುಗೆಮನೆಯ ಒಗ್ಗರಣೆಯ ಹೊಗೆ, ದೇವರ ಮುಂದಿನ ಊದುಬತ್ತಿಯ ಹೊಗೆ ಇವು ಜಿಡ್ಡಿನ ಪದರವಾಗಿ ಕೂರುತ್ತವೆ. ಅದರ ಮೇಲೆ ಬಿದ್ದ ಧೂಳು ಸುಲಭವಾಗಿ ಹೋಗದು. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡುವುದು ಲೇಸು. ಧೂಳು ಒರೆಸಲು ಬಟ್ಟೆಯನ್ನು ಬಳಸಬೇಡಿ, ಎಳೆ ಸಿಕ್ಕಿಕೊಳ್ಳುತ್ತದೆ. ಮೃದುವಾದ ಅಗಲ ಕುಂಚವೇ ಉತ್ತಮ. ಗಾಜಿನ ಕಪಾಟು ಕೊಳ್ಳಲಾಗದಿದ್ದರೆ ಚಿಂತೆಯಿಲ್ಲ. ಸೋರುವುದರಿಂದ ಮೂಲೆಗೆ ಬಿದ್ದ ಮೀನಿನ ತೊಟ್ಟಿಯನ್ನು ತೊಳೆದು ಬೋರಲು ಹಾಕಿ ನೋಡಿ. ಸಣ್ಣ ಮಾದರಿಯನ್ನು ಅಗಲ ಬಾಯಿಯ ಜಾಡಿಯ ಮುಚ್ಚಳದ ಮೇಲೆ ನಿಲ್ಲಿಸಿ, ಜಾಡಿಯನ್ನು ಮೇಲಿಂದ ಮುಚ್ಚಿದರೂ ಆಯಿತು.

ನೆಲವೂ ಇಲ್ಲ, ಗೋಡೆಯೂ ಇಲ್ಲ ಎನ್ನುವವರಿಗೆ ಛಾವಣಿ ಇದೆ. 1942ರಲ್ಲಿ ಅಮೆರಿಕದ ನೌಕಾಪಡೆ ಅಲ್ಲಿನ ಪ್ರೌಢಶಾಲಾ ವಿದ್ಯಾರ್ಥಿಗಳಿಂದ 72ರಲ್ಲಿ ಒಂದು ಅಳತೆಯ 5 ಲಕ್ಷ ವಿಮಾನ ಮಾದರಿಗಳನ್ನು ಕೇಳಿತು. ನಿಮ್ಮ ವಯಸ್ಸಿನವರು ಮರದಲ್ಲಿ ಕೆತ್ತಿ, ಕಪ್ಪು ಬಣ್ಣ ಬಳಿದು ಕಳಿಸಿದ ಆ ಮಾದರಿಗಳನ್ನು ನೋಡಿ ಸೈನಿಕರು ಶತ್ರುವಿಮಾನವನ್ನೂ ಸ್ವಂತ ವಿಮಾನವನ್ನೂ ಬೇರೆಮಾಡಿ ಗುರುತಿಸಲು ಕಲಿತರು. ತರಬೇತಿ ಕೋಣೆಗಳಲ್ಲಿ ಅವುಗಳನ್ನು ತೂಗುಹಾಕುತ್ತಿದ್ದರು. ಈ ಅಳತೆಯ ಮಾದರಿ 10 ಮೀಟರ್ ದೂರದಲ್ಲಿ ತೂಗಿದರೆ, ನಿಜವಾದ ವಿಮಾನ 720 ಮೀಟರ್ ದೂರದಲ್ಲಿ ಕಾಣುವಷ್ಟೇ ಕಾಣುತ್ತದೆ. ನೀವೂ ನೈಲಾನ್ ದಾರದಿಂದ ಎರಡು ಕಡೆ ಕಟ್ಟಿ ತೂಗುಹಾಕಬಹುದು. ಫ್ಯಾನಿನಿಂದ ಸಾಕಷ್ಟು ದೂರವಿರಲಿ. ಬಿಸಿಲಿಗೆ ನೈಲಾನ್ ದುರ್ಬಲವಾಗುವುದರಿಂದ ವರ್ಷಕ್ಕೊಮ್ಮೆ ದಾರ ಬದಲಿಸಿ.

ಕೊನೆಯದಾಗಿ ಒಂದು ಮಾತು. ಮನೆ ನಿಮ್ಮೊಬ್ಬರದೇ ಅಲ್ಲ. ಅಜ್ಜಿಯ ಔಷಧಿಯ ಗೂಡು, ತಂಗಿಯ ಪುಸ್ತಕದ ಸಾಲು, ಅಮ್ಮನ ಹೊಲಿಗೆ ಯಂತ್ರ ಇವೆಲ್ಲಕ್ಕೂ ಜಾಗ ಬೇಕು. ಅವರನ್ನು ಕೇಳಿ ಪಡೆದ ಒಂದು ಹಲಗೆ, ಕೇಳದೆ ಆಕ್ರಮಿಸಿದ ನಾಲ್ಕು ಹಲಗೆಗಳಿಗಿಂತ ಹೆಚ್ಚು ಕಾಲ ನಿಮ್ಮದಾಗಿರುತ್ತದೆ. ಅದು ತುಂಬಿದಾಗ ಹೊಸದೊಂದು ಒಳಬರಲು ಹಳೆಯದೊಂದು ಹೊರಡಬೇಕು. ಹೊರಡುವುದೆಂದರೆ ಕಸಕ್ಕೆ ಹೋಗುವುದಲ್ಲ. ಮಾರುತ್ ವಿಮಾನಗಳು 140ಕ್ಕೂ ಹೆಚ್ಚು ತಯಾರಾದವು. ಇಂದು ಒಂದೂ ವಾಯುಪಡೆಯ ಸೇವೆಯಲ್ಲಿ ಹಾರುತ್ತಿಲ್ಲ. ಬೆಂಗಳೂರಿನ ವಿಶ್ವೇಶ್ವರಯ್ಯ ಸಂಗ್ರಹಾಲಯದಂಥ ಕೆಲವೆಡೆ ಮಾತ್ರ ಅದನ್ನು ಕಣ್ಣಾರೆ ಕಾಣಬಹುದು. ಅಷ್ಟು ದೂರ ಹೋಗಲಾರದ ಹಳ್ಳಿಯ ಶಾಲೆಯ ಮಗುವಿಗೆ ನೀವು ಕೊಟ್ಟ ಒಂದು ಗೇಣಿನ ಮಾದರಿಯೇ ಮಾರುತ್. ಹೆಸರು, ವರ್ಷ, ಅಳತೆ ಬರೆದ ಚೀಟಿಯೊಂದಿಗೆ ಅದನ್ನು ಶಾಲೆಯ ವಾಚನಾಲಯಕ್ಕೆ ಕೊಡಿ. ನಿಮ್ಮ ಹಲಗೆಯಲ್ಲಿ ಜಾಗವೂ ಆಗುತ್ತದೆ, ಮಾದರಿಗೆ ನೋಡುವ ಕಣ್ಣುಗಳೂ ಹೆಚ್ಚುತ್ತವೆ.

ಈ ಭಾನುವಾರ ಅಂಟು, ಬಣ್ಣಗಳನ್ನು ಬದಿಗಿಟ್ಟು, ಒಂದು ಅಳತೆಪಟ್ಟಿ ಮತ್ತು ನೋಟ್‌ಪುಸ್ತಕ ಹಿಡಿದು ಮನೆಯ ಗೋಡೆಗಳನ್ನೊಮ್ಮೆ ಸುತ್ತಿಬನ್ನಿ. ಮುಂದಿನ ಮಾದರಿಯ ಕೆಲಸ ಅಲ್ಲಿಂದಲೇ ಆರಂಭವಾಗಲಿ.