ದೀಪಾವಳಿಗೆ ಊರಿಗೆ ಹೊರಟ್ರಾ? ನಾಯಿನ ಬೋರ್ಡಿಂಗ್‌ಗೆ ಬಿಡೋ ಮುಂಚೆ ಇದನ್ನ ಕೇಳಿ

ದೀಪಾವಳಿಗೆ ಬಸ್ ಟಿಕೆಟ್ ಆಯ್ತು, ರಜೆನೂ ಸಿಕ್ತು. ಮನೇಲಿರೋ ನಾಯಿ ಕಥೆ? ಬೆಂಗಳೂರಲ್ಲಿ ಬಾಡಿಗೆ ಮನೇಲಿದ್ದು ನಾಯಿ ಸಾಕಿರೋ ನಮ್ಮಂಥವರಿಗೆ ಹಬ್ಬ ಹತ್ರ ಬಂದಾಗ ಬೋರ್ಡಿಂಗ್ ನೆನಪಾಗತ್ತೆ. ಹೊರಡೋ ಹಿಂದಿನ ವಾರ ಫೋನ್ ಮಾಡಿದ್ರೆ ಜಾಗ ಸಿಗಬಹುದು, ಆದ್ರೆ ನಾಯಿ ರೆಡಿ ಇರಲ್ಲ.

ಮೊದಲು ಲಸಿಕೆ. ರೇಬೀಸ್, ನೈನ್ ಇನ್ ಒನ್ ಹಾಕಿಸಿರೋ ಕಾರ್ಡ್ ಸಾಮಾನ್ಯವಾಗಿ ಇದ್ದೇ ಇರತ್ತೆ. ಮರೆತುಹೋಗೋದು ಕೆನಲ್ ಕಾಫ್ ಲಸಿಕೆ. ಹತ್ತಾರು ನಾಯಿಗಳು ಒಂದೇ ಕಡೆ ಇದ್ದಾಗ ಬೇಗ ಹರಡೋ ಕೆಮ್ಮು ಇದು. ಇವತ್ತು ಹಾಕಿಸಿ ನಾಳೆ ಬಿಟ್ರೆ ಪ್ರಯೋಜನ ಇಲ್ಲ. ಮೂಗಿಗೆ ಹಾಕೋದು ಕೆಲವೇ ದಿನದಲ್ಲಿ ಕೆಲಸ ಮಾಡತ್ತೆ; ಇಂಜೆಕ್ಷನ್ ಆದ್ರೆ ಮೊದಲ ಸಲ ಕೆಲವು ವಾರ ಬಿಟ್ಟು ಎರಡನೇ ಡೋಸ್ ಬೇಕು. ಅದಕ್ಕೆ ತಿಂಗಳು, ಒಂದೂವರೆ ತಿಂಗಳು ಮುಂಚೆನೇ ಡಾಕ್ಟ್ರನ್ನ ನೋಡಿ.

ಜಾಗ ನೋಡೋಕೆ ಹೋದಾಗ ಏಸಿ ರೂಮು, ಈಜುಕೊಳ, ಕ್ಯಾಮೆರಾ ಎಲ್ಲ ತೋರಿಸ್ತಾರೆ. ನೀವು ಗೋಡೆಯ ಬಿರುಕು, ಮೂಲೆ ನೋಡಿ. ನಾಯಿ ಉಣ್ಣಿ ಗೋಡೆ ಹತ್ತಿ ಅಲ್ಲೇ ಮೊಟ್ಟೆ ಇಡತ್ತೆ. ಬಿಡೋ ಮುಂಚೆ ನಿಮ್ಮ ನಾಯಿಗೂ ಉಣ್ಣಿ ಔಷಧಿ ಆಗಿರಲಿ. ಇನ್ನೊಂದು ಪ್ರಶ್ನೆ: ರಾತ್ರಿ ನಾಯಿಗಳ ಹತ್ರ ಯಾರು ಮಲಗ್ತಾರೆ? ನನ್ನ ಪ್ರಕಾರ ಹತ್ತು ಕ್ಯಾಮೆರಾಗಿಂತ ಅಲ್ಲಿ ಮಲಗೋ ಒಬ್ಬ ಮನುಷ್ಯ ಮೇಲು. ಪಟಾಕಿ ಸದ್ದಿಗೆ ನಾಯಿ ಹೆದರಿದ್ರೆ ಕ್ಯಾಮೆರಾ ಬಂದು ಹಿಡಿಯಲ್ಲ.

ಅತಿ ಮುಖ್ಯವಾದದ್ದು ಟ್ರಯಲ್. ನಾಯಿಗೆ ಕ್ಯಾಲೆಂಡರ್ ಗೊತ್ತಿಲ್ಲ. ನೀವು ನಾಲ್ಕು ದಿನಕ್ಕೆ ಬರ್ತೀರಾ, ಬರೋದೇ ಇಲ್ವಾ ಅಂತ ಅದಕ್ಕೆ ಹೇಗೆ ತಿಳಿಯತ್ತೆ? ಮೊದಲು ಎರಡು ಗಂಟೆ ಬಿಟ್ಟು ಕರ್ಕೊಂಡು ಬನ್ನಿ, ಆಮೇಲೆ ಅರ್ಧ ದಿನ, ಆಮೇಲೆ ಒಂದು ರಾತ್ರಿ. ನಮ್ಮ ಕೆಂಚ ಬೀದಿಯಿಂದ ಬಂದವನು. ಮೊದಲ ರಾತ್ರಿ ಊಟ ಮುಟ್ಟದೆ ಗೇಟಿಗೇ ಮುಖ ಮಾಡಿ ಕೂತಿದ್ದನಂತೆ. ನಾನು ಅರ್ಧ ಗಂಟೆ ದೂರದಲ್ಲಿದ್ದೆ, ಬೆಳಿಗ್ಗೆನೇ ಹೋಗಿ ಕರ್ಕೊಂಡು ಬಂದೆ. ಎರಡನೇ ಸಲ ಅನ್ನ ತಿಂದ, ಮೂರನೇ ಸಲ ಅವನೇ ಒಳಗೆ ನಡೆದ. ಅದೇ ಮೊದಲ ರಾತ್ರಿ ನಾನು ಊರಲ್ಲಿದ್ದಿದ್ರೆ?

ಊಟ ಮನೇದೇ ಕಳಿಸಿ. ಮೊಸರನ್ನ, ಚಿಕನ್ ತಿನ್ನೋ ನಾಯಿಗೆ ದಿಢೀರ್ ಅಂತ ಪ್ಯಾಕೆಟ್ ಫುಡ್ ಹಾಕಿದ್ರೆ ಹೊಟ್ಟೆ ಕೆಡತ್ತೆ. ಅವರು ಪ್ಯಾಕೆಟ್ಟೇ ಕೊಡೋದು ಅಂದ್ರೆ, ಒಂದು ವಾರ ಮೊದಲಿಂದ ಮನೇಲೇ ಸ್ವಲ್ಪ ಸ್ವಲ್ಪ ಬೆರೆಸಿ ರೂಢಿ ಮಾಡಿ. ಜೊತೆಗೆ ನೀವು ಹೊದ್ದ ಬೆಡ್‌ಶೀಟ್, ಒಗೆಯದೇ ಇರೋದು. ಪಟಾಕಿಗೆ ತುಂಬಾ ಹೆದರೋ ನಾಯಿ ಆದ್ರೆ ಡಾಕ್ಟ್ರನ್ನ ಕೇಳಿ ಔಷಧಿ ತಗೊಳ್ಳಿ, ಮನೇಲೇ ಒಮ್ಮೆ ಕೊಟ್ಟು ನೋಡಿ.

ಕಾಲರ್ ಟ್ಯಾಗಲ್ಲಿ ನಿಮ್ಮ ನಂಬರ್ ಮಾತ್ರ ಸಾಲದು. ಮಲೆನಾಡಿನ ನಿಮ್ಮ ಊರಲ್ಲಿ ನೆಟ್‌ವರ್ಕೇ ಇಲ್ಲ ಅಂದ್ರೆ? ನಾಯಿಗೆ ಪರಿಚಯ ಇರೋ, ಹಬ್ಬಕ್ಕೆ ಬೆಂಗಳೂರಲ್ಲೇ ಇರೋ ಸ್ನೇಹಿತರ ನಂಬರನ್ನೂ ಬರೆಸಿ. ತುರ್ತು ಚಿಕಿತ್ಸೆಗೆ ಅವರು ಒಪ್ಪಿಗೆ ಕೊಡಬಹುದು ಅಂತ ಬೋರ್ಡಿಂಗ್‌ನವರಿಗೆ ಬರೆದುಕೊಡಿ. ಬಿಡೋವಾಗ ಅಪ್ಪಿಕೊಂಡು ಅಳಬೇಡಿ, ಹಗ್ಗ ಕೊಟ್ಟು ಹೊರಡಿ.

ವಾಪಸ್ ಬಂದ ದಿನ ಕಿವಿ ಒಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಇದೆಯಾ ನೋಡಿ. ಒಂದೆರಡು ದಿನ ಬರೀ ನಿದ್ದೆ ಮಾಡಿದ್ರೆ ಗಾಬರಿ ಬೇಡ. ಆದ್ರೆ ಮುಂದಿನ ಮೂರು ವಾರದಲ್ಲಿ ಜ್ವರ, ಊಟ ಬಿಡೋದು, ವಸಡು ಬೆಳ್ಳಗಾಗೋದು ಕಂಡ್ರೆ ರಕ್ತ ಪರೀಕ್ಷೆ ಮಾಡಿಸಿ; ಉಣ್ಣಿ ಜ್ವರ ಕಚ್ಚಿದ ದಿನವೇ ತೋರಲ್ಲ.