ಸುಣ್ಣಕಲ್ಲಿನ ಸೀಮೆ, ಸಂಘಗಳ ಮುಂದಿರುವ ಲೆಕ್ಕ

ಕಲಬುರಗಿ ಜಿಲ್ಲೆಯ ಶಹಾಬಾದಿನ ಸಿಮೆಂಟ್ ಕಾರ್ಖಾನೆ ನಿಜಾಮರ ಕಾಲದ್ದು. ಆಮೇಲೆ ವಾಡಿ, ಎಂಬತ್ತರ ದಶಕದಲ್ಲಿ ಮಳಖೇಡ ಮತ್ತು ಸೇಡಂ, ಈ ಶತಮಾನದಲ್ಲಿ ಚಿತ್ತಾಪುರದ ಇಟಗಾ, ಚಿಂಚೋಳಿಯ ಛತ್ರಸಾಲ. ಸುಣ್ಣಕಲ್ಲು ಸಿಕ್ಕಲ್ಲೆಲ್ಲ ಚಿಮಣಿ ಎದ್ದಿತು. ಈ ಉದ್ಯಮದಲ್ಲಿ ಕಾರ್ಮಿಕ ಸಂಘಗಳಿಗೆ ದಕ್ಕಿದ ದೊಡ್ಡ ಫಲವೆಂದರೆ 1958ರಲ್ಲಿ ನೇಮಕವಾದ ಸಿಮೆಂಟ್ ವೇತನ ಮಂಡಳಿ. ತುಂಬುವ, ಇಳಿಸುವ ಕೆಲಸ ಬಿಟ್ಟರೆ ಉಳಿದೆಡೆ ಗುತ್ತಿಗೆ ಪದ್ಧತಿ ಬೇಡ ಎಂದು ಅದು ಹೇಳಿತ್ತು. ಪರ್ಮನೆಂಟ್ ನೌಕರನಿಗೆ ವೇತನಶ್ರೇಣಿ ದೊರೆಯಿತು. ಗುತ್ತಿಗೆ ಮಾತ್ರ ಬರಬರುತ್ತ ಗಣಿಗೂ ಪ್ಯಾಕಿಂಗಿಗೂ ಹಬ್ಬಿತು. ಮುಂದಿನ ಪೆಟ್ಟು ಮೊದಲು ಬೀಳುವುದೂ ಅಲ್ಲಿಗೇ ಎಂಬುದು ನನ್ನ ವಾದ.

ಆ ಪೆಟ್ಟಿನ ಮೂಲ ಕಲ್ಲಿನಲ್ಲೇ ಇದೆ. ನೂರು ಕಿಲೋ ಶುದ್ಧ ಸುಣ್ಣಕಲ್ಲು ಸುಟ್ಟರೆ 56 ಕಿಲೋ ಸುಣ್ಣ ಉಳಿಯುತ್ತದೆ, 44 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಕಲ್ಲಿದ್ದಲು ಬಿಟ್ಟು ಬಿಸಿಲಿನ ಶಕ್ತಿ ಹಿಡಿದರೂ ಕಲ್ಲಿನೊಳಗಿನ ಈ ಅನಿಲ ನಿಲ್ಲದು. ಆದ್ದರಿಂದ ಸುಣ್ಣಕಲ್ಲು ಸುಟ್ಟು ಬರುವ ಗಟ್ಟಿಯನ್ನೇ, ಅಂದರೆ ಕ್ಲಿಂಕರನ್ನೇ, ಕಡಿಮೆ ಮಾಡಬೇಕು. ಸುಟ್ಟ ಜೇಡಿಮಣ್ಣು, ಸುಡದ ಸುಣ್ಣಕಲ್ಲು ಬೆರೆಸಿ ಕ್ಲಿಂಕರನ್ನು ಅರ್ಧದಷ್ಟಕ್ಕೆ ಇಳಿಸುವ ಎಲ್‌ಸಿ3 ಸಿಮೆಂಟಿಗೆ 2023ರಲ್ಲಿ ಭಾರತೀಯ ಮಾನಕ ಬಂತು; 2025ರಲ್ಲಿ ಕೇಂದ್ರವು ಕಾರ್ಖಾನೆಗಳಿಗೆ ಹೊರಸೂಸುವಿಕೆಯ ಗುರಿ ನಿಗದಿ ಮಾಡಿತು. ಇದು ಆಗಲೇಬೇಕಾದದ್ದು. ಆದರೆ ಕ್ಲಿಂಕರ್ ಇಳಿದಷ್ಟೂ ಗಣಿಯಲ್ಲಿ, ಕಲ್ಲಿದ್ದಲು ಯಾರ್ಡಿನಲ್ಲಿ ಕೆಲಸ ಇಳಿಯುತ್ತದೆ.

ಸಿಮೆಂಟಿಗೆ ಬೇಡಿಕೆ ಏರುತ್ತಲೇ ಇದೆಯಲ್ಲ, ಭಯವೇಕೆ ಎನ್ನುವವರಿದ್ದಾರೆ. ಅವರು ಸೇಡಂ ತಾಲ್ಲೂಕಿನ ಕುರಕುಂಟಾ ನೋಡಲಿ. ದೇಶದ ಬೇಡಿಕೆ ಏರುತ್ತಿದ್ದ ಕಾಲದಲ್ಲೇ ಅಲ್ಲಿನ ಸಿಮೆಂಟ್ ಕಾರ್ಪೊರೇಷನ್ ಆಫ್ ಇಂಡಿಯಾ (ಸಿಸಿಐ) ಘಟಕ ನಷ್ಟದಲ್ಲಿ ನಿಂತಿತು. ಅದೇ ಸಂಸ್ಥೆಯ ತಾಂಡೂರು ಘಟಕ ರಾಜ್ಯದ ಗಡಿಯಾಚೆ ಉಳಿಯಿತು. ದೇಶದ ಲೆಕ್ಕ ಬೇರೆ, ಊರಿನ ಲೆಕ್ಕ ಬೇರೆ. ಇನ್ನು, ಸಂಘಗಳು ಹಟ ಹಿಡಿದರೆ ಬಂಡವಾಳ ಓಡಿಹೋಗುತ್ತದೆ ಎಂಬ ಮಾತು ಬೇರೆ ಉದ್ಯಮಕ್ಕೆ ಒಪ್ಪೀತು. ಸುಣ್ಣಕಲ್ಲಿನ ನಿಕ್ಷೇಪವನ್ನು ಕಟ್ಟಿಕೊಂಡು ಹೋಗಲಾಗದು.

ಕಾನೂನಿನ ಆಸರೆಯೂ ಅಷ್ಟಿಷ್ಟು ಇದೆ. ಕೆಲಸ ಕಳೆಯುವಂಥ ಯಂತ್ರ, ವಿಧಾನ ತರುವ ಮುನ್ನ ಮಾಲೀಕ 21 ದಿನದ ನೋಟಿಸ್ ಕೊಡಬೇಕೆಂದು ಹಳೆಯ ಕೈಗಾರಿಕಾ ವಿವಾದ ಕಾಯಿದೆಯೇ ಹೇಳಿತ್ತು. 2020ರ ಕೈಗಾರಿಕಾ ಸಂಬಂಧ ಸಂಹಿತೆ, ತೆಗೆದುಹಾಕಿದ ಕೆಲಸಗಾರನ ಮರುತರಬೇತಿಗೆ 15 ದಿನದ ವೇತನ ಕಟ್ಟಿಸುತ್ತದೆ. ಹೊಸ ಕಸುಬು ಕಲಿಯಲು ಅದೆಷ್ಟರ ಮಾತು! ದೊಡ್ಡ ಹಣ ಇರುವುದು ಜಿಲ್ಲಾ ಖನಿಜ ಪ್ರತಿಷ್ಠಾನದಲ್ಲಿ: 2015ಕ್ಕೆ ಮುಂಚಿನ ಗಣಿ ಗುತ್ತಿಗೆಗಳು ರಾಯಧನದ 30% ಮೊತ್ತವನ್ನು ಅದಕ್ಕೆ ಕಟ್ಟುತ್ತವೆ, ಕೌಶಲ ತರಬೇತಿಗೆ ಅದನ್ನು ಬಳಸಬಹುದು. ಗಣಿ, ಯಾರ್ಡುಗಳ ಗುತ್ತಿಗೆ ಕಾರ್ಮಿಕರ ಪಟ್ಟಿಯನ್ನು ಸಂಘಗಳು ಈಗಲೇ ಮಾಡಿಟ್ಟುಕೊಳ್ಳದಿದ್ದರೆ, ಆ ಹಣ ಕೇಳಲು ಹೋದ ದಿನ ಕೈಯಲ್ಲಿ ಕಾಗದವೇ ಇರುವುದಿಲ್ಲ.