ಟ್ರಿಪ್ಪರ್ ಪದೇ ಪದೇ ಬಿದ್ದರೆ ಏನು ಮಾಡಬೇಕು?

(ರೈತರ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)



ನಾವು ಸೇರಿದಾಗಲೆಲ್ಲ ಬೆಲೆ, ಬಡ್ಡಿ, ಬಾಕಿ ಈ ಮೂರರ ಲೆಕ್ಕ ಮಾಡುತ್ತೇವೆ. ಇವತ್ತು ನಿಮ್ಮ ಮನೆಯ ಗೋಡೆ ಮೇಲಿರುವ ಒಂದು ಸಣ್ಣ ಸ್ವಿಚ್ಚಿನ ಲೆಕ್ಕ ಮಾಡೋಣ. ಅದಕ್ಕೂ ಸಾಲಕ್ಕೂ ಏನು ಸಂಬಂಧ ಅನ್ನಬೇಡಿ. ಸಾಲ ಮಾಡಿ ತಂದ ಹಸು ಕೊಟ್ಟಿಗೆಯಲ್ಲಿ ಕರೆಂಟ್ ಹೊಡೆದು ಸತ್ತರೆ ಹಸು ಹೋಗುತ್ತೆ, ಸಾಲ ಉಳಿಯುತ್ತೆ. ದುಡಿಯುವ ಮಗ ಬಚ್ಚಲಮನೆಯಲ್ಲಿ ಹೋಗಿಬಿಟ್ಟರೆ ಸೊಸೈಟಿ ಪುಸ್ತಕದಲ್ಲಿ ಅಸಲೂ ಬಡ್ಡಿಯೂ ಹಾಗೇ ನಿಂತಿರುತ್ತೆ. ಹೊತ್ತುಕೊಳ್ಳುವವರು ಯಾರು?

ನಾನು ಹೇಳುತ್ತಿರುವುದು ಟ್ರಿಪ್ಪರ್ ವಿಚಾರ. ಕೆಲವರು ಇಎಲ್‌ಸಿಬಿ ಅಂತಾರೆ. ಈಗ ಅಂಗಡಿಯಲ್ಲಿ ಸಿಗುವುದರ ಮೇಲೆ ಆರ್‌ಸಿಸಿಬಿ ಅಂತ ಬರೆದಿರುತ್ತೆ. ಅದರ ಮೈಮೇಲೆ ‘ಟಿ’ ಅಥವಾ ‘ಟೆಸ್ಟ್’ ಅನ್ನುವ ಒಂದು ಸಣ್ಣ ಗುಂಡಿ ಇರುತ್ತೆ, ಅದೇ ಗುರುತು. ಪಕ್ಕದಲ್ಲಿ ಸಾಲಾಗಿ ಕೂತ ಗುಂಡಿಯಿಲ್ಲದ ಸ್ವಿಚ್ಚುಗಳು ಎಂಸಿಬಿ. ಇವೆರಡನ್ನೂ ಒಂದೇ ಅಂದುಕೊಂಡವರು ಬಹಳ ಜನ. ಕೆಲಸ ಬೇರೆ ಬೇರೆ. ವೈರು ತಡೆಯುವುದಕ್ಕಿಂತ ಹೆಚ್ಚು ಕರೆಂಟ್ ಎಳೆದರೆ, ಇಲ್ಲವೇ ಎರಡು ವೈರು ತಾಕಿ ಶಾರ್ಟ್ ಆದರೆ ಎಂಸಿಬಿ ಬೀಳುತ್ತೆ. ಕರೆಂಟ್ ದಾರಿ ಬಿಟ್ಟು ಸೋರಿದರೆ ಟ್ರಿಪ್ಪರ್ ಬೀಳುತ್ತೆ.

ಸೋರುವುದು ಅಂದರೇನು? ನೀವು ಮಂಡಿಗೆ ನೂರು ಮೂಟೆ ಕಳಿಸಿದ್ದೀರಿ. ಪಟ್ಟಿಯಲ್ಲಿ ತೊಂಬತ್ತೆಂಟು ಅಂತ ಬಂತು. ಸುಮ್ಮನಿರುತ್ತೀರಾ? ಎರಡು ಮೂಟೆ ನಡುದಾರಿಯಲ್ಲಿ ಎಲ್ಲಿ ಇಳಿಯಿತು ಅಂತ ಜಗಳಕ್ಕೆ ನಿಲ್ಲುತ್ತೀರಿ. ಟ್ರಿಪ್ಪರ್ ಮಾಡುವುದೂ ಇದನ್ನೇ. ಫೇಸ್ ವೈರಿನಲ್ಲಿ ಎಷ್ಟು ಕರೆಂಟ್ ಹೋಯಿತೋ ಅಷ್ಟೂ ನ್ಯೂಟ್ರಲ್ ವೈರಿನಲ್ಲಿ ವಾಪಸು ಬರಬೇಕು. ಕಡಿಮೆ ಬಂದರೆ ಎಲ್ಲೋ ಗೋಡೆಗೆ, ನೀರಿಗೆ, ನೆಲಕ್ಕೆ, ಇಲ್ಲವೇ ಒಬ್ಬ ಮನುಷ್ಯನ ಮೈಯೊಳಗಿಂದ ಇಳಿದುಹೋಗುತ್ತಿದೆ ಅಂತ ಅರ್ಥ. ಮನೆಗೆ ಹಾಕುವ ಟ್ರಿಪ್ಪರ್ 30 ಮಿಲಿ ಆಂಪಿಯರಿನದು. ಅಷ್ಟು ವ್ಯತ್ಯಾಸ ಬಂದರೆ ಒಂದು ಸೆಕೆಂಡಿನ ಮೂರನೇ ಒಂದು ಪಾಲು ಕಳೆಯುವುದರೊಳಗೆ ಕತ್ತರಿಸಬೇಕು ಅಂತ ಅದರ ಅಳತೆ. 30 ಮಿಲಿ ಆಂಪಿಯರ್ ಅಂದರೆ ಸುಮಾರು 7 ವಾಟಿನ ಬಲ್ಬು ಉರಿಯುವಷ್ಟು ಕರೆಂಟ್. ಅಷ್ಟೇನಾ ಅನ್ನಬೇಡಿ. ಅದಕ್ಕಿಂತ ಹೆಚ್ಚು ಕರೆಂಟ್ ಎದೆಯ ಮೂಲಕ ಸ್ವಲ್ಪ ಹೊತ್ತು ಹರಿದರೆ ಗುಂಡಿಗೆಯ ಬಡಿತ ತಪ್ಪಿ ನಿಂತುಹೋಗಬಹುದು.

ಈಗ ಹಳ್ಳಿಯಲ್ಲಿ ನಡೆಯುವುದೇನು? ಟ್ರಿಪ್ಪರ್ ದಿನಕ್ಕೆ ನಾಲ್ಕು ಸಲ ಬೀಳುತ್ತೆ. ಮನೆಯವರಿಗೆ ಬೇಸರ. ಗೊತ್ತಿದ್ದ ಹುಡುಗನನ್ನು ಕರೆದು “ಡೈರೆಕ್ಟ್ ಮಾಡಿಬಿಡಪ್ಪ” ಅಂತಾರೆ. ಅವನು ಹತ್ತು ನಿಮಿಷದಲ್ಲಿ ಟ್ರಿಪ್ಪರ್ ತಪ್ಪಿಸಿ ವೈರು ಸೇರಿಸುತ್ತಾನೆ. ಇನ್ನೊಬ್ಬ ಮೂರು ಪಿನ್ನಿನ ಪ್ಲಗ್ಗು ಕಿತ್ತು ಎರಡು ಪಿನ್ನಿನದು ಹಾಕುತ್ತಾನೆ. ಮತ್ತೊಬ್ಬ ಅರ್ತ್ ವೈರನ್ನೇ ಕತ್ತರಿಸುತ್ತಾನೆ. ಟ್ರಿಪ್ಪರ್ ಬೀಳುವುದು ನಿಂತಿತು, ಎಲ್ಲರಿಗೂ ಸಂತೋಷ. ಆದರೆ ಸೋರಿಕೆ ನಿಂತಿಲ್ಲ. ಅರ್ತ್ ವೈರಿನಲ್ಲಿ ನೆಲಕ್ಕೆ ಇಳಿಯುತ್ತಿದ್ದ ಕರೆಂಟ್ ಈಗ ಗೀಸರಿನ ಮೈಮೇಲೆ, ಗ್ರೈಂಡರಿನ ಮೈಮೇಲೆ ಕಾದು ಕೂತಿದೆ. ಒದ್ದೆ ಕೈಯಲ್ಲಿ ಯಾರು ಮುಟ್ಟುತ್ತಾರೋ ಅವರೇ ಅದಕ್ಕೆ ಅರ್ತ್ ವೈರು. ಕೂಗುವ ನಾಯಿಯನ್ನು ಕೊಂದು ಕಳ್ಳನನ್ನು ಮನೆಯಲ್ಲೇ ಇಟ್ಟುಕೊಂಡ ಹಾಗೆ.

ಹಾಗಾದರೆ ಮಾಡಬೇಕಾದ್ದೇನು? ಸೋರುವ ಜಾಗ ಹುಡುಕಬೇಕು. ಅರ್ಧ ಕೆಲಸ ನೀವೇ ಮಾಡಬಹುದು, ಅದಕ್ಕೆ ಟೆಸ್ಟರೂ ಬೇಡ. ಒಂದು ಮಾತು ಮಾತ್ರ ಜ್ಞಾಪಕ ಇರಲಿ: ಪ್ಲಗ್ಗು ಮತ್ತು ಸ್ವಿಚ್ಚು ಇವೆರಡನ್ನೇ ಮುಟ್ಟಬೇಕು. ಬೋರ್ಡಿನ ಮುಚ್ಚಳ ಬಿಚ್ಚುವುದು ಲೈಸೆನ್ಸ್ ಇರುವ ವೈರ್‌ಮನ್ ಕೆಲಸ. ಕೈ ಒಣಗಿರಲಿ, ಕಾಲಲ್ಲಿ ಚಪ್ಪಲಿ ಇರಲಿ.

ಮೊದಲನೆಯದಾಗಿ, ಯಾವಾಗ ಬೀಳುತ್ತೆ ಅಂತ ನಾಲ್ಕು ದಿನ ಒಂದು ಚೀಟಿಯಲ್ಲಿ ಬರೆದಿಡಿ. ಬೆಳಿಗ್ಗೆ ನೀರು ಕಾಯಿಸುವಾಗಲೋ, ಸಂಪಿನ ಮೋಟ್ರು ಹಾಕಿದಾಗಲೋ, ಮಳೆ ಬಂದಾಗಲೋ? ಗುಡುಗು ಸಿಡಿಲಿಗೆ ಒಮ್ಮೊಮ್ಮೆ ಸುಮ್ಮನೆಯೂ ಬೀಳುತ್ತೆ. ಅದು ಸೋರಿಕೆಯಲ್ಲ, ಎತ್ತಿದರೆ ನಿಲ್ಲುತ್ತೆ. ಮಳೆಗೆ ಮಾತ್ರ ಬೀಳುವುದಾದರೆ ಹೊರಗಿನ ಬಲ್ಬಿನ ಹೋಲ್ಡರು, ನೆನೆದ ಗೋಡೆಯೊಳಗಿನ ವೈರು, ಕೊಟ್ಟಿಗೆಯ ಲೈನು ಇವುಗಳ ಮೇಲೆ ಮೊದಲು ಅನುಮಾನ ಪಡಿ.

ಎರಡನೆಯದು, ಬಿದ್ದಾಗ ಮನೆಯ ಎಲ್ಲ ಪ್ಲಗ್ಗುಗಳನ್ನೂ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಸ್ವಿಚ್ಚು ಕತ್ತರಿಸುವುದು ಫೇಸನ್ನು ಮಾತ್ರ, ನ್ಯೂಟ್ರಲ್ ಹಾಗೇ ಸೇರಿಕೊಂಡಿರುತ್ತೆ. ಮಿಷನ್ನಿನ ಒಳಗೆ ನ್ಯೂಟ್ರಲ್ ಮೈಗೆ ತಾಕಿದ್ದರೂ ಟ್ರಿಪ್ಪರ್ ಬೀಳುತ್ತೆ. ಫ್ರಿಜ್ಜು, ಟಿವಿ, ಮೊಬೈಲ್ ಚಾರ್ಜರು, ಎಲ್ಲವನ್ನೂ ಕೀಳಿ. ಆಮೇಲೆ ಎಲ್ಲ ಎಂಸಿಬಿ ಇಳಿಸಿ.

ಮೂರನೆಯದು, ಈಗ ಟ್ರಿಪ್ಪರ್ ಎತ್ತಿ. ಕೆಲವು ಟ್ರಿಪ್ಪರುಗಳ ಹಿಡಿ ನಡುವೆ ನಿಂತಿರುತ್ತೆ, ಅದನ್ನು ಪೂರಾ ಕೆಳಗೆ ಒತ್ತಿ ಆಮೇಲೆ ಮೇಲೆತ್ತಬೇಕು. ಎಲ್ಲ ಇಳಿಸಿದ ಮೇಲೂ ನಿಲ್ಲದೆ ಬಿದ್ದರೆ ಮತ್ತೆ ಮತ್ತೆ ಎತ್ತಬೇಡಿ. ಎಲ್ಲೋ ನ್ಯೂಟ್ರಲ್ ವೈರು ಅರ್ತಿಗೆ ತಾಕಿದೆ, ಇಲ್ಲವೇ ಟ್ರಿಪ್ಪರೇ ಕೆಟ್ಟಿದೆ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ವೈರ್‌ಮನ್ ಬರಲಿ.

ನಾಲ್ಕನೆಯದು, ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಎತ್ತಿ, ಆ ಲೈನಿನ ದೀಪ, ಫ್ಯಾನು ಹಾಕಿ ನೋಡಿ. ಯಾವುದನ್ನು ಎತ್ತಿದಾಗ ಬಿತ್ತೋ ಆ ಲೈನಿನಲ್ಲೇ ದೋಷ. ಇಲಿ ಕಡಿದ ವೈರು, ಮೊಳೆ ಹೊಡೆದ ಗೋಡೆ, ನೀರಿಳಿದ ಸ್ವಿಚ್ ಬೋರ್ಡು, ಹೀಗೆ ಕಾರಣ ಇರುತ್ತೆ. ಆ ಒಂದು ಎಂಸಿಬಿ ಇಳಿಸಿಟ್ಟು ಉಳಿದ ಮನೆಗೆ ದೀಪ ಹಾಕಿಕೊಳ್ಳಿ. ಇಡೀ ಮನೆ ಕತ್ತಲಲ್ಲಿ ಕೂರಬೇಕಾಗಿಲ್ಲ, ಡೈರೆಕ್ಟ್ ಮಾಡುವ ಮಾತೂ ಬೇಕಾಗಿಲ್ಲ.

ಐದನೆಯದು, ಎಲ್ಲ ಎಂಸಿಬಿಯೂ ನಿಂತರೆ ವೈರಿಂಗ್ ಸರಿಯಿದೆ, ಕಳ್ಳ ಪ್ಲಗ್ಗಿನ ಆಚೆ ಇದ್ದಾನೆ. ಒಂದೊಂದೇ ಪ್ಲಗ್ಗು ಹಾಕಿ, ಸ್ವಿಚ್ ಒತ್ತಿ, ಸ್ವಲ್ಪ ಹೊತ್ತು ಕಾಯಿರಿ. ಗೀಸರು, ನೀರು ಕಾಯಿಸುವ ಕಾಯಿಲ್ಲು ಬಿಸಿಯಾದ ಮೇಲೆ ಸೋರಲು ಶುರುಮಾಡುವುದುಂಟು. ನಮ್ಮ ಬೋರ್‌ವೆಲ್ ನೀರು ಗಡಸು. ಗೀಸರಿನ ಕಾಯಿಲ್ಲಿನ ಮೇಲೆ ಸುಣ್ಣ ಕಟ್ಟಿ, ಮೇಲಿನ ಕೊಳವೆ ಬಿರುಕು ಬಿಟ್ಟು ಒಳಗೆ ನೀರು ಸೇರುತ್ತೆ. ಮನೆಯಲ್ಲಿ ಮೊದಲು ನೋಡಬೇಕಾದ್ದು ಅದನ್ನೇ. ಆಮೇಲೆ ಹಿಟ್ಟಿನ ನೀರು ಇಳಿದ ಗ್ರೈಂಡರು, ಬಟ್ಟೆ ಒಗೆಯುವ ಮಿಷನ್ನು, ಹಳೇ ಫ್ರಿಜ್ಜು, ಸಂಪಿನ ಮೋಟ್ರು, ಮೇವು ಕತ್ತರಿಸುವ ಮಿಷನ್ನು. ಯಾವುದಕ್ಕೆ ಬಿತ್ತೋ ಅದನ್ನು ಕಿತ್ತು ಪಕ್ಕಕ್ಕಿಡಿ. ರಿಪೇರಿ ಆಗುವ ತನಕ ಅದನ್ನು ಯಾರೂ ಹಾಕದಂತೆ ಮನೆಯವರಿಗೆಲ್ಲ ಹೇಳಿಡಿ.

ಇಷ್ಟು ಮಾಡಿದರೂ ಸಿಕ್ಕದಿದ್ದರೆ ಇನ್ನೆರಡು ಕಾರಣ ಕೇಳಿ. ಇನ್ವರ್ಟರ್ ಹಾಕಿಸಿದ ದಿನದಿಂದ ಬೀಳುತ್ತಿದ್ದರೆ ಸೋರಿಕೆಯೇ ಇರಲಿಕ್ಕಿಲ್ಲ. ಫೇಸ್ ಟ್ರಿಪ್ಪರಿನ ಒಳಗಿಂದ ಹೋಗಿ ನ್ಯೂಟ್ರಲ್ ಬೇರೆ ದಾರಿಯಲ್ಲಿ ವಾಪಸಾಗುವಂತೆ ವೈರು ಅದಲುಬದಲು ಮಾಡಿರುತ್ತಾರೆ. ಹಾಕಿದವರನ್ನೇ ಕರೆಸಿ ಸರಿಮಾಡಿಸಿ. ಇನ್ನೊಂದು, ಹತ್ತು ಸಾಮಾನು ಸೇರಿ ಚೂರು ಚೂರು ಸೋರಿ ಒಟ್ಟು ಲೆಕ್ಕ ದಾಟುವುದು. ಅದನ್ನು ವೈರ್‌ಮನ್ ಮೆಗ್ಗರ್ ಇಟ್ಟು ಅಳೆಯಬೇಕು. ಸಾಮಾನುಗಳನ್ನೆಲ್ಲ ಬಿಡಿಸಿ 500 ವೋಲ್ಟಿನ ಮೆಗ್ಗರಿನಲ್ಲಿ ನೋಡಿದಾಗ ವೈರಿಂಗ್ ಕಡೇಪಕ್ಷ ಒಂದು ಮೆಗಾ ಓಮ್ ತೋರಿಸಬೇಕು. ಮೆಗ್ಗರ್ ಇಲ್ಲದೆ, ಏನೂ ಅಳೆಯದೆ, “ಟ್ರಿಪ್ಪರ್ ಹಾಳಾಗಿದೆ, ಹೊಸದು ತನ್ನಿ” ಅನ್ನುವವನ ಕೈಗೆ ದುಡ್ಡು ಕೊಡಬೇಡಿ. 30ರ ಬದಲು 300 ಮಿಲಿ ಆಂಪಿಯರಿನದು ಹಾಕುತ್ತೇನೆ ಅಂದರೂ ಒಪ್ಪಬೇಡಿ. 300ರದು ಬೆಂಕಿ ತಡೆಯಲು ಇರುವುದು, ಮನುಷ್ಯನ ಜೀವ ಉಳಿಸಲು ಅಲ್ಲ.

ಅರ್ತಿಂಗ್ ಬಗ್ಗೆ ಒಂದು ಮಾತು. ಅರ್ತ್ ಇಲ್ಲದಿದ್ದರೂ ಟ್ರಿಪ್ಪರ್ ಕೆಲಸ ಮಾಡುತ್ತೆ. ಆದರೆ ಯಾರಾದರೂ ಮುಟ್ಟಿ ಶಾಕ್ ಹೊಡೆದ ಮೇಲೆಯೇ ಬೀಳುತ್ತೆ. ಅರ್ತ್ ಚೆನ್ನಾಗಿದ್ದರೆ ಗೀಸರ್ ಸೋರಲು ಶುರುಮಾಡಿದ ಗಳಿಗೆಯಲ್ಲೇ, ಯಾರೂ ಮುಟ್ಟುವ ಮೊದಲೇ ಬೀಳುತ್ತೆ. ವ್ಯತ್ಯಾಸ ಇಷ್ಟೇ, ಇಷ್ಟರಲ್ಲೇ ಪ್ರಾಣ ಇರುವುದು. ಇದ್ದಿಲು, ಉಪ್ಪು ತುಂಬಿದ ಅರ್ತ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಿ. ಕೊಟ್ಟಿಗೆಗೆ ಎಳೆದ ಲೈನೂ ಟ್ರಿಪ್ಪರಿನ ಒಳಗೇ ಬರಲಿ. ದನಕ್ಕೆ ಚಪ್ಪಲಿ ಇಲ್ಲ, ನಾಲ್ಕೂ ಕಾಲು ಗಂಜಲದ ನೆಲದ ಮೇಲೆ.

ಟ್ರಿಪ್ಪರಿಗೂ ಎಲ್ಲೆ ಇದೆ, ಅದನ್ನೂ ತಿಳಿದಿರಿ. ಕಂಬದಿಂದ ಮೀಟರಿಗೆ ಬರುವ ವೈರು ಅದರ ಕಾವಲಿನಲ್ಲಿಲ್ಲ. ಆ ವೈರಿಗೆ ಕಟ್ಟಿದ ತಂತಿಯ ಮೇಲೆ ಬಟ್ಟೆ ಒಣಹಾಕಬೇಡಿ. ಆ ವೈರು ಸುಲಿದಿದ್ದರೆ, ಕಂಬದಲ್ಲಿ ಕಿಡಿ ಕಂಡರೆ 1912ಕ್ಕೆ ಫೋನ್ ಮಾಡಿ ದೂರು ಕೊಡಿ, ದೂರಿನ ನಂಬರು ಬರೆದಿಡಿ. ಹೊಲದ ಮೂರು ಫೇಸಿನ ಪಂಪ್‌ಸೆಟ್ಟಿಗೂ ಮನೆಯ ಟ್ರಿಪ್ಪರಿಗೂ ಸಂಬಂಧವಿಲ್ಲ, ಅದಕ್ಕೆ ಬೇರೆಯೇ ರಕ್ಷಣೆ ಬೇಕು. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದವನನ್ನೂ ಟ್ರಿಪ್ಪರ್ ಕಾಯಲಾರದು. ಯಾಕೆಂದರೆ ಹೋದ ಮೂಟೆ, ಬಂದ ಮೂಟೆ ಲೆಕ್ಕ ಅಲ್ಲಿ ಸರಿಹೋಗಿಬಿಡುತ್ತೆ.

ಕಡೆಗೆ ಖರ್ಚಿನ ಮಾತು. ಟ್ರಿಪ್ಪರ್ ಇಲ್ಲದ ಮನೆಯಲ್ಲಿ 300 ಮಿಲಿ ಆಂಪಿಯರ್ ಹಗಲೂ ರಾತ್ರಿ ಸೋರುತ್ತಿದೆ ಅಂತ ಇಟ್ಟುಕೊಳ್ಳಿ. ಅದು 69 ವಾಟ್, ತಿಂಗಳಿಗೆ ಸುಮಾರು 50 ಯೂನಿಟ್. ನೆಲಕ್ಕೆ ಹೋದ ಕರೆಂಟೂ ಮೀಟರಿನಲ್ಲಿ ಓಡುತ್ತೆ. 2023ರಲ್ಲಿ ಬಂದ ಗೃಹಜ್ಯೋತಿಯ ಲೆಕ್ಕ ದಾಟಿ ಯಾಕೆ ಬಿಲ್ ಬಂತು ಅಂತ ತಲೆ ಕೆರೆದುಕೊಳ್ಳುವವರು ಇದನ್ನೂ ಒಂದು ಸಲ ನೋಡಬೇಕು. ಟ್ರಿಪ್ಪರಿಗೆ ಬೀಳುವುದು ಒಂದೆರಡು ಸಾವಿರ ರೂಪಾಯಿ. ಹಾಕಿಸಿ ಮರೆಯಬೇಡಿ. ತಿಂಗಳಿಗೊಂದು ಸಲ, ಅಮಾವಾಸ್ಯೆಯ ದಿನ ಅಂತಲೇ ಇಟ್ಟುಕೊಳ್ಳಿ, ಆ ಟೆಸ್ಟ್ ಗುಂಡಿ ಒತ್ತಿ. ತಕ್ಷಣ ಬೀಳಬೇಕು. ಬೀಳದಿದ್ದರೆ ಕಾವಲುಗಾರ ಸತ್ತಿದ್ದಾನೆ, ಬದಲಾಯಿಸಿ.

ಬಂಧುಗಳೇ, ಬೆಲೆ ನಮ್ಮ ಕೈಯಲ್ಲಿಲ್ಲ, ಮಳೆ ನಮ್ಮ ಕೈಯಲ್ಲಿಲ್ಲ. ಈ ಗುಂಡಿ ನಿಮ್ಮ ಕೈಯಲ್ಲೇ ಇದೆ. ಇವತ್ತು ಸಂಜೆ ಮನೆಗೆ ಹೋದವರೇ ಅದನ್ನು ಒಮ್ಮೆ ಒತ್ತಿ ನೋಡಿ. ಡೈರೆಕ್ಟ್ ಮಾಡಿಸಿದವರು ಇದ್ದರೆ ನಾಳೆಯೇ ವೈರ್‌ಮನ್ನನ್ನು ಕರೆಸಿ.